ಓಡುವ ಬಸ್ಸಿನಲ್ಲಿ ನೆಟ್ಟಗೆ ನಿಂತವರು

ನಮ್ಮ ಕಂಡಕ್ಟರಮ್ಮ ಹೋದ ತಿಂಗಳು ನಿವೃತ್ತರಾದರಂತೆ. ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಹಳೆಯ ಸಹಪ್ರಯಾಣಿಕರೊಬ್ಬರು ಸಿಕ್ಕಿ ಹೇಳಿದರು. ಕೇಳಿದ ತಕ್ಷಣ ನನಗೆ ಸಿಟ್ಟು ಬಂತು. ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದವಳಿಗೆ ಒಂದು ಮಾತು ಹೇಳುವುದು ಬೇಡವೇ? ಬದನೆಕಾಯಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುವ ಹೊತ್ತಿಗೆ ಸಿಟ್ಟು ಹೋಗಿ ನಗು ಬಂದಿತ್ತು. ಆ ಹೆಂಗಸಿನ ಸ್ವಭಾವವೇ ಅಂಥದ್ದು. ತಲೆ ಸಿಡಿದು ಎರಡು ಹೋಳಾಗುತ್ತಿದ್ದರೂ ಬಾಯಿ ಬಿಡದವರು ನಿವೃತ್ತಿಯ ಸುದ್ದಿಗೆ ಡಂಗುರ ಹೊಡೆಸುತ್ತಾರೆಯೇ?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ, ಅವರ ಬೈಗುಳದ ರುಚಿ ನನಗೆ ಗೊತ್ತು. ನಾನು ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ, ಮನೆ ನಂಜನಗೂಡು. ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿನಲ್ಲಿ ಬರುತ್ತಿದ್ದೆ. ಬೆಳಗಿನ ಬಸ್ಸಿಗೆ ಅವರೇ ಕಂಡಕ್ಟರು. ಊರು ಹೆಡತಲೆ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಸೀರೆಯ ಮೇಲೆ ಖಾಕಿ ಕೋಟು, ಬಿಗಿದು ಕಟ್ಟಿದ ತುರುಬು, ಕುತ್ತಿಗೆಯಲ್ಲಿ ನೇತಾಡುವ ಟಿಕೆಟ್ ಮಿಷನ್ನು. ತುರುಬಿನಲ್ಲಿ ಮಲ್ಲಿಗೆ ಇದ್ದ ದಿನ ಬಸ್ಸಿಗೆಲ್ಲ ಹಬ್ಬ. ಮಲ್ಲಿಗೆ ಇಲ್ಲದ ದಿನ ನಾವೆಲ್ಲ ದನಿ ತಗ್ಗಿಸಿ ಮಾತನಾಡುತ್ತಿದ್ದೆವು. ತಲೆನೋವು ಬರುವ ದಿನ ಅವರಿಗೆ ಹೂವಿನ ವಾಸನೆಯೂ ಆಗುತ್ತಿರಲಿಲ್ಲ.

ಅವರು ಬಸ್ಸಿನಲ್ಲಿ ನಿಲ್ಲುತ್ತಿದ್ದ ಠೀವಿಯನ್ನು ನೋಡಬೇಕಿತ್ತು. ಕಂಬ ಹಿಡಿಯುವುದಿಲ್ಲ, ಸೀಟಿಗೆ ಒರಗುವುದಿಲ್ಲ. ಎರಡು ಕಾಲು ಒಂದಿಷ್ಟು ಅಗಲಿಸಿ ನಿಂತರೆ ಮುಗಿಯಿತು. ನಮ್ಮ ರಸ್ತೆಯ ಗುಂಡಿಗಳು ಗೊತ್ತಲ್ಲ, ಕೂತವರೇ ಎಗರಿ ಬೀಳುವಂಥವು. ಡ್ರೈವರಣ್ಣನಂತೂ ಬ್ರೇಕನ್ನು ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವವನ ಹಾಗೆ ತುಳಿಯುತ್ತಿದ್ದ. ನಾವು ಎದುರಿನ ಸೀಟಿಗೆ ಹಣೆ ಚಚ್ಚಿಕೊಳ್ಳುತ್ತಿದ್ದರೆ ಕಂಡಕ್ಟರಮ್ಮ ನಿಂತಲ್ಲೇ ನಿಂತು, "ಆಮೇಲೆ? ಎಲ್ಲಿಗಮ್ಮ ನಿಂದು?" ಎಂದು ಟಿಕೆಟ್ ಹರಿದು ಕೊಡುತ್ತಿದ್ದರು.

ಅಂಥವರು ಬಸ್ಸಿನಿಂದ ಇಳಿದು ಗಟ್ಟಿ ನೆಲದ ಮೇಲೆ ಕಾಲಿಟ್ಟರೆ ಗೋಡೆ ಹಿಡಿದು ನಡೆಯುತ್ತಿದ್ದರು. ಎಲ್ಲ ದಿನವೂ ಅಲ್ಲ, ಮಲ್ಲಿಗೆ ಇಲ್ಲದ ದಿನ. ಇದೇನು ವಿಚಿತ್ರವೋ ಎಂದು ನಾನು ಬಹಳ ಕಾಲ ತಲೆಕೆಡಿಸಿಕೊಂಡಿದ್ದೆ.

ವಿಚಿತ್ರದ ಗುಟ್ಟು ತಿಳಿದದ್ದು ಒಂದು ಸೀರೆಯಿಂದ. ನನ್ನ ತಂಗಿ ಹಬ್ಬಕ್ಕೆ ಒಂದು ಸೀರೆ ಕೊಡಿಸಿದ್ದಳು. ಕಪ್ಪು ಬಿಳುಪು ಪಟ್ಟೆ, ನೆಟ್ಟಗಿನ ಪಟ್ಟೆಯಲ್ಲ, ಮೇಲಿಂದ ಕೆಳಗೆ ಅಂಕುಡೊಂಕಾಗಿ ಇಳಿದಿತ್ತು. ಅದನ್ನುಟ್ಟು ಬಸ್ಸು ಹತ್ತಿದೆ. ನಾಲ್ಕು ಜನ ನೋಡಲಿ ಎಂದೇ ಮುಂದಿನ ಸೀಟಿನಲ್ಲಿ ಕೂತೆ. ಕಂಡಕ್ಟರಮ್ಮ ಬಂದರು, ನನ್ನನ್ನು ನೋಡಿದರು, ಥಟ್ಟನೆ ಮುಖ ತಿರುಗಿಸಿದರು. ಬಸ್ಸಿನ ಸೂರು ನೋಡುತ್ತ ಟಿಕೆಟ್ಟನ್ನು ನನ್ನ ಕಡೆಗೆ ಚಾಚಿದರು. ನನಗೆ ಉರಿದುಹೋಯಿತು.

"ಏನ್ರೀ, ಅಷ್ಟು ಅಸಹ್ಯವಾಗಿದೆಯಾ ನನ್ನ ಮುಖ?" ಎಂದೆ.

"ಬೈಕಬೇಡಿ ಮೇಡಂ," ಎಂದರು, ಇನ್ನೂ ಸೂರನ್ನೇ ನೋಡುತ್ತ. "ನಿಮ್ ಮೊಕ ಚೆಂದಾಗದೆ. ನಿಮ್ ಸೀರೆ ಓಡ್ತಾದೆ."

"ಸೀರೆ ಓಡುತ್ತದೆಯೇ?"

"ಊಂ ಕಣ್ರೀ. ಕೆಳಿಕ್ಕೆ ಅರೀತಾದೆ, ನಾಲೆ ನೀರಂಗೆ. ಅದ್ರ ಜೊತೇಲಿ ನನ್ನೂ ಎಳಿತಾದೆ. ಇನ್ನೊಂದ್ ಗಳಿಗೆ ನೋಡುದ್ರೆ ನಿಮ್ ತೊಡೆ ಮೇಲೇ ಬೀಳ್ತೀನಿ."

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಸಂಜೆಯವರೆಗೂ ಕಚೇರಿಯಲ್ಲಿ ಸೀರೆಯನ್ನು ಬಗ್ಗಿ ಬಗ್ಗಿ ನೋಡಿಕೊಂಡೆ. ಸ್ವಲ್ಪ ಹೊತ್ತು ನೆಟ್ಟ ನೋಟದಿಂದ ನೋಡಿದರೆ ಹೌದು, ಪಟ್ಟೆಗಳು ಕದಲಿದ ಹಾಗೆ ಕಾಣುತ್ತಿತ್ತು. ಆದರೆ ಅದಕ್ಕೆ ಬೀಳುವುದೇ?

ಮಾರನೆಯ ದಿನ ಹಸಿರು ಸೀರೆ ಉಟ್ಟು ಹೋಗಿ ವಿಚಾರಣೆ ಶುರು ಮಾಡಿದೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಅವರು ನನ್ನ ಪಕ್ಕದಲ್ಲಿ ಬಂದು ಕೂತರು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಮೈಸೂರಿನ ಬಸ್ಸು ಹಿಂದಕ್ಕೆ ಸರಿಯಿತು. ನಮ್ಮ ಬಸ್ಸೇ ಮುಂದಕ್ಕೆ ಹೊರಟಂತಾಗಿ ನಾನು ಎದುರಿನ ಕಂಬಿ ಹಿಡಿದೆ.

"ನೋಡುದ್ರಾ?" ಎಂದರು ಕಂಡಕ್ಟರಮ್ಮ. "ಪಕ್ಕದ್ ಬಸ್ಸು ರಿವರ್ಸ್ ತಕಂಡ್ರೆ ನಮ್ ಬಸ್ ಓದಂಗಾಯ್ತದಲ್ವಾ? ನಿಮ್ಗೆ ಒಂದ್ ಚಣ. ಆಮೇಕೆ ಸುಳ್ಳು ಅಂತ ಗೊತ್ತಾಯ್ತದೆ, ಸುಮ್ನಾಯ್ತೀರಿ. ನಂಗೆ ತಲೆನೋವು ಬರೋ ದಿನ ಅದು ಸುಳ್ಳು ಅಂತ ಗೊತ್ತಾದ್ರೂ ಬುಡಾಕಿಲ್ಲ. ಪಟ್ಟೆ ಕಂಡ್ರೆ ಓಡ್ತದೆ, ಚೌಕುಳಿ ಕಂಡ್ರೆ ಉಬ್ತದೆ. ಕಾಲು ಅದುನ್ನೇ ನಂಬ್ಕಂಡು ಅತ್ಲಾಗ್ ವಾಲ್ತದೆ."

"ಮತ್ತೆ ಓಡುವ ಬಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ನಿಲ್ತೀರಲ್ಲ?"

"ಇಲ್ಲಿ ನಾನು ಆಚ್ಗೆ ನೋಡಾಕಿಲ್ಲ ಮೇಡಂ. ಜನದ ಮೊಕ ನೋಡ್ತೀನಿ. ಮೊಕ ಓಡಾಕಿಲ್ಲ."

ಅಲ್ಲಿಂದ ಮುಂದೆ ನಾನು ಅವರನ್ನು ಗಮನಿಸತೊಡಗಿದೆ. ಸಾಲುಮರಗಳ ನಡುವೆ ಬಿಸಿಲು ಚಕ್ ಚಕ್ ಎಂದು ಹೊಳೆಯುವ ಜಾಗ ಬಂದರೆ ಅವರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಜಮಖಾನ ಮಾರುವವನೊಬ್ಬ ಪಟ್ಟೆಪಟ್ಟೆಯ ಸುರುಳಿಗಳನ್ನು ನಿಲ್ಲಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. "ಅದ್ನ ಮಲಗ್ಸಪ್ಪಾ," ಎಂದು ಗದರುತ್ತಿದ್ದರು, "ಅದು ಎದ್ ನಿಂತ್ರೆ ನನ್ನ ಮಲಗುಸ್ತದೆ." ಅವನು ಪಾಪ, ಏನೂ ಅರ್ಥವಾಗದೆ ಮಾಲನ್ನು ಸೀಟಿನಡಿ ತಳ್ಳುತ್ತಿದ್ದ.

ಒಮ್ಮೆ ಕಚೇರಿ ಬೇಗ ಬಿಟ್ಟ, ಅವರಿಗೂ ಡ್ಯೂಟಿ ಇಲ್ಲದ ದಿನ ನಾವಿಬ್ಬರೂ ನರಸೀಪುರದ ಸಂಗಮಕ್ಕೆ ಹೋದೆವು. ಹೊಳೆ ತುಂಬಿತ್ತು. ನಾನು ಮೆಟ್ಟಿಲಿಳಿದು ಕಾಲು ತೊಳೆದು ತಿರುಗಿ ನೋಡುತ್ತೇನೆ, ಅವರು ಮೇಲಿನ ಮೆಟ್ಟಿಲಲ್ಲೇ ಕೂತು ಎರಡು ಕೈಯಲ್ಲೂ ಕಲ್ಲು ಹಿಡಿದುಕೊಂಡಿದ್ದಾರೆ. "ನೀವ್ ಓಗ್ಬನ್ನಿ. ನಂಗೆ ನೀರು ನಿಂತದೆ, ಮೆಟ್ಲು ಓಯ್ತಾ ಅವೆ," ಎಂದರು. ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡೇ ಕೂತು, ಹೊಳೆಗೆ ಅಲ್ಲಿಂದಲೇ ಕೈಮುಗಿದು ಎದ್ದರು. ಆ ಕೈಮುಗಿದ ಭಂಗಿ ಇವತ್ತಿಗೂ ನನಗೆ ಇಷ್ಟ.

ಅವರ ಅತ್ತೆಯ ವಿಷಯ ಹೇಳದಿದ್ದರೆ ಚಿತ್ರ ಅರ್ಧವಾದೀತು. ಹೆಡತಲೆಯ ಅವರ ಮನೆಗೆ ನಾನು ಹೋಗಿದ್ದೆ. ಬದನವಾಳಿನ ಖಾದಿ ಕೇಂದ್ರದಿಂದ ತಂದ ಬಿಳಿ ಬಟ್ಟೆಯ ಪರದೆ, ಬಿಳಿ ಸುಣ್ಣದ ಗೋಡೆ. ಮನೆ ಆಸ್ಪತ್ರೆಯ ಹಾಗಿದೆ ಎಂದು ನಾನು ಕೀಟಲೆ ಮಾಡಿದೆ. ಅತ್ತೆ ಬಾಗಿಲಲ್ಲೇ ಕೂತಿದ್ದವರು ದೂರು ಹೇಳಿದರು: "ಇವ್ಳು ಈ ಮನ್ಗೆ ಬಂದ್ಮೇಲೆ ನಾನು ಎಳೆ ರಂಗೋಲಿ ಬುಡೋದ್ನೇ ಮರ್ತೆ ಕಣವ್ವ. ನಾನ್ ಬುಟ್ರೆ ಇವ್ಳು ಇತ್ಲು ಬಾಗ್ಲಾಗೆ ಓಗೋಳು. ಮನೆ ಸೊಸೆ ಇತ್ಲು ಬಾಗ್ಲಾಗೆ ಓಡಾಡುದ್ರೆ ನೋಡ್ದೋರು ಏನಂದಾರು?" ಹೊಸ್ತಿಲ ಮುಂದೆ ಒಂದು ಚೂರು ಅರಿಶಿನ, ಕುಂಕುಮ, ನಾಲ್ಕು ದಾಸವಾಳ ಮಾತ್ರ ಇತ್ತು. ದೂರಿದ ಅತ್ತೆಯೇ ಅದನ್ನು ಇಟ್ಟದ್ದು.

ಈ ಅತ್ತೆಯೇ ಒಂದು ಸಲ ನಂಜನಗೂಡಿನ ದೇವರಿಗೆ ಹರಕೆ ಹೊತ್ತಿದ್ದರು, ಸೊಸೆಯ ತಲೆನೋವು ಹೋದರೆ ಅವಳಿಂದಲೇ ಉರುಳುಸೇವೆ ಮಾಡಿಸುತ್ತೇನೆ ಎಂದು. ತಲೆನೋವೇನೂ ಹೋಗಲಿಲ್ಲ. ಆದರೆ ದೇವರು ಮರೆತಿರಬಹುದು, ಮೊದಲು ಸೇವೆ ಮಾಡಿ ನೆನಪಿಸೋಣ ಎಂದು ಅತ್ತೆ ಹಟ ಹಿಡಿದರು. ನೆಲದ ಮೇಲಿನ ಗೆರೆ ಕಂಡರೆ ವಾಲುವ ಹೆಂಗಸು ದೇವಸ್ಥಾನದ ಸುತ್ತ ಉರುಳುವುದೆಂದರೇನು? ನಾನೂ ಹೆದರಿಕೊಂಡು ಜೊತೆಗೆ ಹೋದೆ. ಕಂಡಕ್ಟರಮ್ಮ ಒದ್ದೆ ಸೀರೆಯಲ್ಲಿ ಕಣ್ಣು ಮುಚ್ಚಿ ಉರುಳಿದರು. ಅತ್ತೆ ಪಕ್ಕದಲ್ಲಿ ಸೊಸೆಯ ಸೆರಗು ಸರಿಮಾಡುತ್ತ, ಬಗ್ಗಿ ಬಗ್ಗಿ ನಡೆದರು. ಸುತ್ತು ಮುಗಿದಾಗ ಸೊಸೆ ಎದ್ದು ಸೀರೆ ಕೊಡವಿಕೊಂಡು ನೆಟ್ಟಗೆ ನಿಂತರು. ತಲೆ ಸುತ್ತಿ ಕಂಬ ಹಿಡಿದವರು ಅತ್ತೆ! "ಕಣ್ ಮುಚ್ಕಂಡಿದ್ದೆನಲ್ಲ, ನಂಗೇನಾಯ್ತದೆ?" ಎಂದು ಕಂಡಕ್ಟರಮ್ಮ ನಗುತ್ತಾ ಅತ್ತೆಯನ್ನು ಹೊರಗೆ ಕರೆತಂದು ಮಜ್ಜಿಗೆ ಕುಡಿಸಿದರು.

ಹೀಗೆ ನಗುನಗುತ್ತಾ ನಡೆದಿದ್ದ ಬದುಕು ಕೆಟ್ಟದ್ದು ನರಸೀಪುರದ ಬಸ್ ನಿಲ್ದಾಣಕ್ಕೆ ಹೊಸ ಟೈಲ್ಸ್ ಬಂದ ಮೇಲೆ. ಟೈಲ್ಸ್‌ನದೇನೂ ತಪ್ಪಿಲ್ಲ, ಬಹಳ ಜನ ಚೆನ್ನಾಗಿದೆ ಎಂದರು. ಕಪ್ಪು, ಬಿಳಿ, ಮತ್ತೆ ಕಪ್ಪು, ಬಿಳಿ, ಅಲೆ ಅಲೆಯಾಗಿ ನಿಲ್ದಾಣದ ಉದ್ದಕ್ಕೂ. ಬಸ್ಸು ಬಂದು ನಿಂತರೆ ಕಂಡಕ್ಟರು ಆ ಅಲೆಗಳನ್ನು ದಾಟಿ, ಕಂಟ್ರೋಲ್ ರೂಮಿನ ಕಿಟಕಿಗೆ ಹೋಗಿ, ಬಸ್ಸು ಬಂದ ಹೊತ್ತು ಬರೆಯುವ ಲಾಗ್ ಶೀಟಿಗೆ ಸಹಿ ಹಾಕಿಸಿಕೊಂಡು ಬರಬೇಕು. ಅಲ್ಲಿ ಹಿಡಿಯಲು ಗೋಡೆಯೂ ಇಲ್ಲ. ಚೆನ್ನಾಗಿದ್ದ ದಿನಗಳಲ್ಲಿ ಕಂಡಕ್ಟರಮ್ಮ ಹೇಗೋ ದಾಟುತ್ತಿದ್ದರು. ತಲೆನೋವು ಜೋರಾದರೆ ರಜೆ ಹಾಕುತ್ತಿದ್ದರು. ಕಷ್ಟವಿದ್ದದ್ದು ನೋವು ಇನ್ನೇನು ಬರುತ್ತದೆ ಎನ್ನುವ ದಿನಗಳಲ್ಲಿ.

ಅಂಥ ಒಂದು ಬೆಳಗ್ಗೆ ಅವರು ಲಾಗ್ ಶೀಟು ಹಿಡಿದು ಇಳಿದರು. ನಾನು ಹಿಂದೆಯೇ ಇಳಿಯುತ್ತಿದ್ದೆ. ನಾಲ್ಕು ಹೆಜ್ಜೆ ಹೋಗಿರಬೇಕು, ಎಡಕ್ಕೆ ವಾಲಿದರು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು, ಬಿದ್ದೇಬಿಟ್ಟರು.

"ಮೂರ್ಛೆ! ಮೂರ್ಛೆ! ಕಬ್ಬಿಣ ಕೊಡ್ರೋ!" ಎಂದು ಯಾರೋ ಕೂಗಿದರು.

ನಮ್ಮ ಕಡೆ ಯಾರಾದರೂ ದಾರಿಯಲ್ಲಿ ಬಿದ್ದರೆ ಮೊದಲು ಕೈಗೆ ಕಬ್ಬಿಣ ಕೊಡುತ್ತಾರೆ. ಮೂರ್ಛೆರೋಗ ಕಬ್ಬಿಣಕ್ಕೆ ಹೆದರಿ ಓಡುತ್ತದೆ ಎಂದು ನಂಬಿಕೆ. ಬಿದ್ದವರಿಗೆ ಏನಾಗಿದೆ ಎಂದು ಕೇಳುವುದಕ್ಕೆ ಯಾರಿಗೂ ಪುರಸೊತ್ತಿರುವುದಿಲ್ಲ. ಕ್ಷಣದಲ್ಲಿ ಕಂಡಕ್ಟರಮ್ಮನ ಎರಡು ಮುಷ್ಟಿಯಲ್ಲೂ ಬೀಗದ ಕೈಗಳು ತುಂಬಿದವು. ಸ್ಕೂಟರಿನದು, ಬೀರುವಿನದು, ಯಾವುದೋ ಅಂಗಡಿಯ ಶಟರಿನದು. ನಮ್ಮ ಬಸ್ಸಿನಲ್ಲೇ ದಿನಾ ಸೊಪ್ಪಿನ ಮಂಕರಿ ಹೊತ್ತು ಬರುವ ಅಜ್ಜಿ ಇದ್ದಳು, ನಾವು ಸೊಪ್ಪಿನಜ್ಜಿ ಎನ್ನುತ್ತಿದ್ದೆವು. ಅವಳು ಸೊಪ್ಪು ಕೊಯ್ಯುವ ಕುಡುಗೋಲನ್ನೇ ತಂದು ಕೈಗಿಡಲು ಹೊರಟಳು. ಇನ್ನೊಬ್ಬ ಮಹಾನುಭಾವ ತನ್ನ ಚಪ್ಪಲಿ ಬಿಚ್ಚಿ ಅವರ ಮೂಗಿಗೆ ಹಿಡಿದ.

"ನಂಗೆ ಮೂರ್ಛೆ ಅಲ್ಲ ಕಣ್ರಪ್ಪಾ," ಎಂದು ಕಂಡಕ್ಟರಮ್ಮ ಮಲಗಿದಲ್ಲಿಂದಲೇ ಗೋಗರೆದರು.

"ಮೂರ್ಛೆ ಬಂದೋರೆಲ್ಲ ಅಂಗೇ ಅನ್ನದು. ಬಿಗಿಯಾಗಿ ಇಡ್ಕ ತಾಯಿ," ಎಂದ ಚಪ್ಪಲಿಯವನು.

ಚಪ್ಪಲಿಯ ವಾಸನೆಗೆ ಬರುತ್ತಿದ್ದ ತಲೆನೋವು ಓಡಿ ಬಂತು. ಅವರು ವಾಂತಿ ಮಾಡಿಕೊಂಡರು. ಅದನ್ನು ಕಂಡು ಜನಕ್ಕೆ ಇನ್ನೂ ಖಾತ್ರಿಯಾಯಿತು. ನಾನು ಎಲ್ಲರನ್ನೂ ಬೈದು ಚದುರಿಸಿ ಅವರನ್ನು ಬಸ್ಸಿಗೆ ಹತ್ತಿಸಿ ಮಲಗಿಸಿದೆ. ಆಮೇಲೆ ನೋಡಿದರೆ ಅವರ ಕೋಟಿನ ಜೇಬಿನಲ್ಲಿ ಯಾರದೋ ಸ್ಕೂಟರಿನ ಕೀ ಉಳಿದಿತ್ತು. ಅದರ ಒಡೆಯ ಮಾರನೆಯ ದಿನ ಮುಖ ಊದಿಸಿಕೊಂಡು ಬಂದು ಇಸಿದುಕೊಂಡು ಹೋದ.

ನಗುವುದು ಅಷ್ಟಕ್ಕೆ ನಿಂತಿತು. ವಾರ ಕಳೆಯುವುದರೊಳಗೆ ಕಂಡಕ್ಟರಮ್ಮನಿಗೆ ಮೂರ್ಛೆರೋಗ ಎಂಬ ಸುದ್ದಿ ಡಿಪೋ ಮುಟ್ಟಿತು. ಅವರನ್ನು ಬಸ್ಸಿನಿಂದ ಇಳಿಸಿ ಡಿಪೋದಲ್ಲಿ ಲೈಟ್ ಡ್ಯೂಟಿಗೆ ಹಾಕುವ ಮಾತು ಬಂತು. ಹಗುರ ಕೆಲಸ ಎಂದರೆ ಕೂತು ಮಾಡುವ ಕೆಲಸ. ಬೇರೆಯವರಾಗಿದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ಇವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕಾ," ಎಂದರು. ಅದುವರೆಗೂ ಮೇಡಂ ಎನ್ನುತ್ತಿದ್ದರು. "ಡಿಪೋ ತುಂಬ ಕಬ್ಬಿಣದ ಜಾಲರಿ, ಕಿಟಕಿ ತುಂಬ ಸರಳು. ಅಲ್ಲಿ ಕೂತ್ಕಂಡ್ರೆ ದಿನಾಲೂ ನಂಗೆ ಭೂಮಿ ಅಲ್ಲಾಡ್ತದೆ. ಮನೇಲಿದ್ರೂ ಅಷ್ಟೇ, ಬೀದೀಲಿದ್ರೂ ಅಷ್ಟೇ. ಈ ಬಸ್ಸು ಒಂದ್ರಲ್ಲೇ ನಾನು ನೆಟ್ಟಗೆ ನಿಂತಿರದು. ಇಲ್ಲಿಂದ ಇಳಿಸ್ಬುಟ್ರೆ ನಾನು ಬಿದ್ದೋದಂಗೆ ಲೆಕ್ಕ."

ಎಲ್ಲವನ್ನೂ ಕಡತದಲ್ಲಿ ಇಡುವ ಗುಮಾಸ್ತೆಯ ಬುದ್ಧಿ ನನ್ನದು. "ಮೂರ್ಛೆ ಅಲ್ಲ ಅಂತ ಡಾಕ್ಟರು ಬರೆದುಕೊಡಲಿ, ನಡೀರಿ," ಎಂದು ಮೈಸೂರಿಗೆ ಎಳೆದುಕೊಂಡು ಹೋದೆ.

ನರರೋಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಮಾಧಾನವಾಗಿ ಎಲ್ಲ ಕೇಳಿದಳು. ಕಂಡಕ್ಟರಮ್ಮನನ್ನು ಪಾದ ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿದಳು. ಗರುಡಗಂಬದ ಹಾಗೆ ನಿಂತರು. ಆಮೇಲೆ ಕಣ್ಣು ಬಿಡಿಸಿ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದಳು. ಒಂದರೊಳಗೊಂದು ಬಳೆಗಳು, ಬಳೆಯ ಮೇಲೆಲ್ಲ ಕಪ್ಪು ಬಿಳುಪು ಗೀಟು. ಬಳೆಗಳು ಗರಗರ ತಿರುಗುತ್ತಿದ್ದವು. ಕಂಡಕ್ಟರಮ್ಮ ವಾಲಿದರು. ಡಾಕ್ಟರು ಮೊದಲೇ ತಯಾರಾಗಿ ಹಿಂದೆ ನಿಂತಿದ್ದಳು, ಹಿಡಿದುಕೊಂಡಳು.

"ತಿರುಗೋ ಚಿತ್ರ ತೋರಿಸಿದರೆ ಯಾರಿಗಾದರೂ ಹಾಗಾಗೋದಿಲ್ಲವಾ?" ಎಂದು ನಾನು ವಕಾಲತ್ತು ವಹಿಸಿದೆ.

"ಇದು ತಿರುಗ್ತಾ ಇಲ್ಲ ಅಮ್ಮ. ಕಾಗದದ ಮೇಲೆ ಬರೆದ ಹಾಗೆ ನಿಂತೇ ಇದೆ," ಎಂದಳು ಡಾಕ್ಟರು. ಒಂದು ಬಳೆಯ ಮೇಲೆ ಬೆರಳಿಟ್ಟು ನೋಡಿದೆ. ನಿಜವಾಗಿಯೂ ನಿಂತಿತ್ತು! ಬೆರಳು ತೆಗೆದರೆ ಮತ್ತೆ ತಿರುಗಿತು. "ನಿಮ್ಮ ಕಣ್ಣಿಗೂ ತಿರುಗುತ್ತೆ, ಇವರ ಕಣ್ಣಿಗೂ ತಿರುಗುತ್ತೆ. ನಿಮ್ಮ ಮಿದುಳು ಕಾಲನ್ನ ಕೇಳುತ್ತೆ, ಕಾಲು ನೆಲ ಗಟ್ಟಿಯಾಗಿದೆ ಅನ್ನುತ್ತೆ, ಅಲ್ಲಿಗೆ ಮುಗೀತು. ಮೈಗ್ರೇನ್ ಇರೋ ಕೆಲವರಲ್ಲಿ ಮಿದುಳು ಕಣ್ಣಿನ ಮಾತನ್ನೇ ಹೆಚ್ಚು ನಂಬುತ್ತೆ. ಬೀಳ್ತಾ ಇದ್ದೀನಿ ಅಂದುಕೊಂಡು ಮೈ ಸರಿಮಾಡಿಕೊಳ್ಳಕ್ಕೆ ಹೋಗಿ ನಿಜವಾಗಲೂ ಬಿದ್ದುಬಿಡ್ತಾರೆ. ಇದು ಮೂರ್ಛೆ ಅಲ್ಲ."

ಕಂಡಕ್ಟರಮ್ಮ ಕುರ್ಚಿಯಲ್ಲಿ ಕೂತು ನೀರು ಕುಡಿದು ಸುಧಾರಿಸಿಕೊಂಡರು. "ಅಂದ್ರೆ ನನ್ ಮೆದ್ಲು ಯಾರೇನ್ ಏಳುದ್ರೂ ನಂಬ್ಬುಡ್ತದೆ ಅಂತಾಯ್ತು," ಎಂದರು. "ನಮ್ಮತ್ತೆ ಇದ್ನ ಪುಗಸಟ್ಟೆ ಏಳಿದ್ರು."

ಡಾಕ್ಟರು ಗಟ್ಟಿಯಾಗಿ ನಕ್ಕಳು. ಮಾತ್ರೆ ಬರೆದಳು, ದಿನಾ ಮಾಡಬೇಕಾದ ಕೆಲವು ಅಭ್ಯಾಸ ಹೇಳಿಕೊಟ್ಟಳು, ಡಿಪೋಗೆ ಕಾಗದವನ್ನೂ ಕೊಟ್ಟಳು. ನಾನು ಯುದ್ಧ ಗೆದ್ದವಳ ಹಾಗೆ ಬಸ್ಸು ಹತ್ತಿದೆ.

ಡಿಪೋ ಸಾಹೇಬರು ಕಾಗದ ಓದಿದರಂತೆ. ಕೆಟ್ಟವರಲ್ಲ. "ಮೂರ್ಛೆ ಅಲ್ಲ, ಒಪ್ಪಿದೆ. ಆದರೆ ಬೀಳುವುದಂತೂ ನಿಜ ತಾನೇ? ನಾಳೆ ಓಡುವ ಬಸ್ಸಿನಲ್ಲಿ ಏನಾದರೂ ಆದರೆ ಯಾರು ಹೊಣೆ?" ಎಂದು ಕೇಳಿದರಂತೆ. ಕೊನೆಗೆ, ತಾವೇ ಒಂದು ದಿನ ಆ ಬಸ್ಸಿನಲ್ಲಿ ಬಂದು ಕಣ್ಣಾರೆ ನೋಡಿ ತೀರ್ಮಾನಿಸುವುದಾಗಿ ಹೇಳಿದರು.

ಹೇಳಿದ ದಿನ ಬಂದರು. ನಂಜನಗೂಡಿನಲ್ಲಿ ಹತ್ತಿ, ಕೂರಿ ಎಂದರೂ ಕೂರದೆ ಕಂಬ ಹಿಡಿದು ಮುಂದೆ ನಿಂತರು. ಬಸ್ಸಿಗೆಲ್ಲ ವಿಷಯ ಗೊತ್ತಿತ್ತು. ಹೆಂಗಸರಿಗೆ ಟಿಕೆಟ್ ಬಿಟ್ಟಿ ಆದ ಮೇಲೆ ನಮ್ಮ ಬಸ್ಸಿನಲ್ಲಿ ಹೆಂಗಸರದೇ ರಾಜ್ಯ. ಅವರೆಲ್ಲ ಆ ದಿನ ಸಾಹೇಬರನ್ನೇ ನೋಡುತ್ತ ಕೂತಿದ್ದರು. ಕಂಡಕ್ಟರಮ್ಮನ ತುರುಬು ನೋಡಿದೆ. ಮಲ್ಲಿಗೆ ಇರಲಿಲ್ಲ. ಹಿಂದಿನ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ, ನಿದ್ದೆಗೆಟ್ಟರೆ ತಲೆನೋವು ಬಂತೆಂದೇ ಲೆಕ್ಕ.

ಆದರೂ ಅವರು ಬಸ್ಸಿನಲ್ಲಿ ಎಂದಿನಂತೆ ನಿಂತರು. ಮುಖ ಮುಖ ನೋಡುತ್ತ ಟಿಕೆಟ್ ಕೊಟ್ಟರು. ಅರ್ಧ ದಾರಿಯಲ್ಲಿ ಗದ್ದೆಯ ದಾರಿಯಿಂದ ಕಬ್ಬಿನ ಟ್ರಾಕ್ಟರೊಂದು ರಸ್ತೆಗೆ ನುಗ್ಗಿತು. ಡ್ರೈವರಣ್ಣ ಬ್ರೇಕು ತುಳಿದ. ಅವತ್ತಿನ ತುಳಿತ ಎಂಥದ್ದೆಂದರೆ ಬಸ್ಸಿಗೆ ಬಸ್ಸೇ ಮುಗ್ಗರಿಸಿತು. ಸಾಹೇಬರ ಕೈ ಕಂಬದಿಂದ ಜಾರಿ, ಅವರು ಸೊಪ್ಪಿನಜ್ಜಿಯ ಮಂಕರಿಯೊಳಗೆ ಹೋಗಿ ಕೂತರು. ಕಂಡಕ್ಟರಮ್ಮ ಇದ್ದಲ್ಲೇ ಇದ್ದರು. ನಾವು ನಾಲ್ಕಾರು ಜನ ಎದ್ದು ಸಾಹೇಬರನ್ನು ಎತ್ತಿ ನಿಲ್ಲಿಸಿದೆವು, ಪ್ಯಾಂಟಿಗೆ ಮೆತ್ತಿದ ಕೊತ್ತಂಬರಿ ಸೊಪ್ಪು ಒದರಿದೆವು. ಯಾರೂ ನಗಲಿಲ್ಲ, ನಗು ತಡೆಯಲು ಪಟ್ಟ ಪಾಡು ನಮಗೇ ಗೊತ್ತು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ಮೀಸೆ ತಿರುವಿದ. ಗೆದ್ದೆವು ಅಂದುಕೊಂಡೆ.

ಬಸ್ಸು ನರಸೀಪುರದ ನಿಲ್ದಾಣದೊಳಗೆ ಬಂದು ನಿಂತಿತು. ಕಂಡಕ್ಟರಮ್ಮ ಲಾಗ್ ಶೀಟು ಕೈಗೆತ್ತಿಕೊಂಡರು. ಸಾಹೇಬರು ಇಳಿದು ಪಕ್ಕಕ್ಕೆ ನಿಂತು ನೋಡುತ್ತಿದ್ದರು. ನಾನು ಮೆತ್ತಗೆ ಕೈ ಹಿಡಿಯಲು ಹೋದೆ, ಅವ್ರು ನೋಡ್ತಾವ್ರೆ ಬುಡಿ ಎಂದು ಬಿಡಿಸಿಕೊಂಡರು. ಟೈಲ್ಸ್ ಮೇಲೆ ಹೊರಟರು. ಕಿಟಕಿಯ ಹತ್ತಿರ ಹತ್ತಿರ ಹೋಗಿಬಿಟ್ಟಿದ್ದರು. ಅಲ್ಲಿ ಬೆಳಗಿನ ಬಿಸಿಲು ನೆಲಕ್ಕೆ ಬಿದ್ದು ಪಟ್ಟೆಗಳು ಮಿರಮಿರ ಮಿಂಚುತ್ತಿದ್ದವು. ಅವರು ನಿಂತರು, ಎಡಕ್ಕೆ ವಾಲಿದರು. ಬೀಳಬಾರದೆಂದು ತಾವೇ ಕುಕ್ಕರಗಾಲಲ್ಲಿ ಕೂರಲು ಹೋಗಿ, ಕೈಯೂರಿ, ಪಕ್ಕಕ್ಕೆ ಬಿದ್ದರು.

ನಿಲ್ದಾಣದ ಜನ ಕಬ್ಬಿಣ, ಕಬ್ಬಿಣ ಎನ್ನುತ್ತ ಓಡಿಬಂದರು. ಅವರಿಗಿಂತ ಮೊದಲು ನಮ್ಮ ಬಸ್ಸಿನ ಜನ ಇಳಿದಿದ್ದರು. ಸೊಪ್ಪಿನಜ್ಜಿ ಮಂಕರಿ ಕೆಳಗಿಟ್ಟು, "ಬೀಗದ್ ಕೈ ತಂದೀಯೆ, ಕೈ ಮುರ್ದಾಕ್ಬುಟ್ಟೇನು!" ಎಂದು ಒಬ್ಬನನ್ನು ಹಿಂದಕ್ಕಟ್ಟಿದಳು. ಕಂಡಕ್ಟರಮ್ಮನ ಪಕ್ಕ ಕೂತು ತನ್ನ ಒರಟು ಅಂಗೈಯನ್ನು ಅವರ ಕಣ್ಣಿಗೆ ಮುಚ್ಚಿದಳು. ನಾನು ಬೆನ್ನಿಗೆ ಆತು ಕೂತೆ. ಉಳಿದ ಹೆಂಗಸರು ಸುತ್ತ ನಿಂತು ಬಿಸಿಲಿಗೆ ಮರೆಯಾದರು. ಸ್ವಲ್ಪ ಹೊತ್ತಿಗೆ ಕಂಡಕ್ಟರಮ್ಮನ ಉಸಿರು ಹತೋಟಿಗೆ ಬಂತು. ಅಂಗೈಯ ಕೆಳಗಿನಿಂದ ಕಣ್ಣೀರು ಇಳಿಯುತ್ತಿತ್ತು.

ಸಾಹೇಬರು ಹತ್ತಿರ ಬಂದರು. ಅವರ ಮುಖದಲ್ಲೂ ನೋವಿತ್ತು. "ನೋಡಿದಿರಲ್ಲಮ್ಮ," ಎಂದರು. "ಬಸ್ಸಿನಲ್ಲಿ ಚೆನ್ನಾಗೇ ನಿಂತಿದ್ದಿರಿ, ಇಲ್ಲ ಅನ್ನಲ್ಲ. ಆದರೆ ಹೀಗೆ ಬೀಳೋರನ್ನ ನಾನು ಹೇಗೆ ಡ್ಯೂಟಿಗೆ ಕಳಿಸಲಿ?"

ನನ್ನ ಕೈಚೀಲದಲ್ಲಿ ಡಾಕ್ಟರ ಕಾಗದದ ಪ್ರತಿ ಇತ್ತು, ಅದಕ್ಕೆ ಈ ಪ್ರಶ್ನೆಯ ಮುಂದೆ ಬೆಲೆ ಇಲ್ಲವೆಂದು ನನಗೇ ಅನಿಸಿತು.

ಸೊಪ್ಪಿನಜ್ಜಿ ಅಂಗೈ ತೆಗೆಯದೆಯೇ ತಲೆಯೆತ್ತಿ ನೋಡಿದಳು.

"ಬಿದ್ರೆ ಬೀಳ್ಲಿ ಬುಡಪ್ಪ. ಎತ್ತಾಕೆ ಬಸ್ ತುಂಬ ಜನ ಇಲ್ವಾ?"

"ದಿನಾ ಎತ್ತುತ್ತೀರಾ ಅಜ್ಜಿ?"

"ದಿನಾ ಎಲ್ಲಪ್ಪ ಬಿದ್ದಾಳು? ಬಿದ್ ದಿನ ಎತ್ತೀವಿ. ಈಗಿನ್ನೂ ನೀನೂ ಬಿದ್ದಲ್ಲ, ನನ್ ಸೊಪ್ಪಿನ್ ಮೇಲೆ. ನಾವೇ ಎತ್ತುದ್ವಿ. ನಿನ್ ಕೆಲ್ಸ ಬುಡು ಅಂದ್ವಾ?"

ಸಾಹೇಬರು ಸುತ್ತ ನಿಂತ ಹೆಂಗಸರ ಮುಖಗಳನ್ನು ಒಂದು ಸುತ್ತು ನೋಡಿದರು. ಆಮೇಲೆ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಲಾಗ್ ಶೀಟನ್ನು ಎತ್ತಿಕೊಂಡು, ತಾವೇ ಕಂಟ್ರೋಲ್ ರೂಮಿನ ಕಿಟಕಿಗೆ ನಡೆದುಹೋಗಿ, ಸಾಲಿನಲ್ಲಿ ನಿಂತು ಸಹಿ ಹಾಕಿಸಿಕೊಂಡು ಬಂದರು.

"ತಗೊಳ್ಳಿ," ಎಂದು ಕಂಡಕ್ಟರಮ್ಮನ ಕೈಗೆ ಕೊಟ್ಟರು. "ವಾಪಸ್ ಟ್ರಿಪ್ಪಿಗೆ ಹೊತ್ತಾಯ್ತು."

ಕಂಡಕ್ಟರಮ್ಮ ಒಂದು ಕಡೆ ನನ್ನನ್ನೂ ಇನ್ನೊಂದು ಕಡೆ ಸೊಪ್ಪಿನಜ್ಜಿಯನ್ನೂ ಹಿಡಿದು ಬಸ್ಸಿನ ಬಾಗಿಲವರೆಗೆ ಬಂದರು. ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ನಮ್ಮಿಬ್ಬರ ಕೈಯನ್ನೂ ಬಿಟ್ಟರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಸಾಹೇಬರ ಕಡೆ ನೋಡಿ, "ನಂಜನಗೂಡ್ಗೆ ಬರದಾದ್ರೆ ಅತ್ಕಳಿ ಸಾ. ಈ ಸಲ ಕೂತ್ಕಂಡ್ ಬನ್ನಿ," ಎಂದರು.

ಸಾಹೇಬರು ಹತ್ತಿ ಕೂತರು. ಕಂಡಕ್ಟರಮ್ಮ ನಿಂತರು. "ರೈಟ್, ರೈಟ್!"